ಹಾವು ಕಡಿತದ ಕೇಸು: ಕ್ಯಾಶುವಾಲಿಟಿಯಲ್ಲಿ ನಾವು ಸರಿಪಡಿಸಿಕೊಂಡದ್ದು

ಕೋಲಾರ ಸೀಮೆಯಲ್ಲಿ ಥ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಟೊಮೇಟೊ ತೋಟಕ್ಕೆ ನೀರು ಬಿಡುವುದೂ ರಾತ್ರಿಯೇ. ಹಾವು ಕಡಿದವರು ಲ್ಯಾಬ್ ಮುಚ್ಚಿದ ಮೇಲೆ ಬರುವುದು ಮಾಮೂಲು. ಹಾಗಾಗಿ ನಮ್ಮ ತಾಲ್ಲೂಕು ಆಸ್ಪತ್ರೆಯ ತುರ್ತು ಘಟಕದಲ್ಲಿ ಮೊದಲು ಬಿಗಿ ಮಾಡಿಕೊಂಡದ್ದು ಲ್ಯಾಬೇ ಬೇಡದ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು.

ರಕ್ತನಾಳದಿಂದ 2 ಮಿ.ಲೀ. ರಕ್ತ ತೆಗೆದು ಹೊಸ, ಒಣ ಗಾಜಿನ ಟ್ಯೂಬಿಗೆ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಒಂದೇ ಸಲ ಬಾಗಿಸಿ ನೋಡಬೇಕು. ಇನ್ನೂ ನೀರಾಗಿ ಹರಿದರೆ ವಿಷ ರಕ್ತಕ್ಕೆ ಇಳಿದಿದೆ; ಕೊಳಕುಮಂಡಲ ಮಾಡುವುದು ಇದನ್ನೇ. ಎಡವುವುದು ಟ್ಯೂಬಿನಲ್ಲಿ. ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುವುದೇ ಗಾಜಿನ ಮೈ. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪಿನಲ್ಲಿ ತೊಳೆದ ಹಳೇ ಟ್ಯೂಬಿನಲ್ಲಿ ಗಟ್ಟಿಮುಟ್ಟಾದವರ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ನೇರಳೆ ಮುಚ್ಚಳದ್ದರಲ್ಲಂತೂ ಹೆಪ್ಪು ತಡೆಯುವ ಮದ್ದೇ ಇರುತ್ತದೆ. ಆಗ ಬೇಡದವರಿಗೆ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಹೋಗುತ್ತದೆ. ಅದಕ್ಕೇ ಗಾಜಿನ ಟ್ಯೂಬುಗಳನ್ನು ಸ್ಟ್ಯಾಂಡಿನ ಸಮೇತ ಬೇರೆ ಡಬ್ಬಿಯಲ್ಲಿಟ್ಟು, ರಕ್ತ ಹಾಕಿದ ಹೊತ್ತನ್ನು ಪ್ಲಾಸ್ಟರಿನ ಮೇಲೆ ಬರೆದು ಟ್ಯೂಬಿಗೇ ಅಂಟಿಸುತ್ತೇವೆ. ಅನುಮಾನ ಬಂದರೆ ಜೊತೆಗೆ ಬಂದವರನ್ನು ಕೇಳಿ ಅವರದೂ 2 ಮಿ.ಲೀ. ಪಕ್ಕದ ಟ್ಯೂಬಿಗೆ. ಅದೂ ಹೆಪ್ಪುಗಟ್ಟದಿದ್ದರೆ ತಪ್ಪು ಟ್ಯೂಬಿನದು. ಹತ್ತು ನಿಮಿಷಕ್ಕೇ ಎತ್ತಿ ನೋಡುವ ಚಟ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ.

ಮೊದಲ ಸಲ ಹೆಪ್ಪುಗಟ್ಟಿತೆಂದು ಮನೆಗೆ ಕಳಿಸುವಂತಿಲ್ಲ. 24 ಗಂಟೆ ಇಟ್ಟುಕೊಂಡು ಮತ್ತೆ ಮತ್ತೆ ಮಾಡಬೇಕು. ಗಡಿ ಊರಿನವರು ಕಟ್ಲಪಾಮು ಅನ್ನುವ ಕಟ್ಟುಹಾವಿಗೆ ಈ ಪರೀಕ್ಷೆ ಉಪಯೋಗಕ್ಕೇ ಬರುವುದಿಲ್ಲ, ಅದರ ವಿಷ ಹೊಡೆಯುವುದು ನರಗಳಿಗೆ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಬರುತ್ತಾರೆ, ಹಲ್ಲಿನ ಗುರುತು ಕಾಣದೇ ಇರಬಹುದು. ರೆಪ್ಪೆ ಜೋಲುತ್ತಿದೆಯೇ, ಕತ್ತು ಎತ್ತಲಾಗುತ್ತದೆಯೇ, ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತಾರೆ ಎಂದು ನೋಡಿ ಬರೆದಿಡುತ್ತೇವೆ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕಳಿಸಿದರೆ ಜೀವಕ್ಕೇ ಕುತ್ತು.

ಕಾಲಿಗೆ ಹಗ್ಗ ಬಿಗಿದುಕೊಂಡೇ ಬರುವವರು ಬಹಳ. ಕಂಡ ಕೂಡಲೇ ಕತ್ತರಿಸಬಾರದು, ತಡೆದಿದ್ದ ವಿಷ ಒಮ್ಮೆಲೇ ಏರಬಹುದು. ಡ್ರಿಪ್ ಹಾಕಿ, ಎಎಸ್‌ವಿ, ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕೈಗೆ ಸಿಗುವಂತಿಟ್ಟು ಆಮೇಲೆ ಬಿಚ್ಚುವುದು.

ಎಎಸ್‌ವಿ ಶುರುವಿಗೆ 10 ವಯಲ್ (ಔಷಧಿಯ ಸಣ್ಣ ಸೀಸೆ). ಮಕ್ಕಳಿಗೂ ಅಷ್ಟೇ, ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಡ್ರಿಪ್ಪಿನ ನೀರನ್ನು ಮಾತ್ರ ತೂಕ ನೋಡಿ ಕಡಿಮೆ ಮಾಡುತ್ತೇವೆ. ಒಂದೊಂದು ವಯಲಿನ ಪುಡಿಗೆ 10 ಮಿ.ಲೀ. ನೀರು ಹಾಕಿ ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು. ಕುಲುಕಿದರೆ ನೊರೆಯೆದ್ದು ಔಷಧಿ ಅದರಲ್ಲೇ ಉಳಿಯುತ್ತದೆ. ಚರ್ಮದ ಟೆಸ್ಟ್ ಡೋಸ್ ಮಾಡುವುದಿಲ್ಲ, ಅದು ಅಲರ್ಜಿಯನ್ನು ಮುಂಚೆ ಹೇಳುವುದಿಲ್ಲ. ಬದಲಿಗೆ ದೊಡ್ಡವರಿಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಸಿರಿಂಜಿಗೆ ಎಳೆದು, ಲೇಬಲ್ ಹಚ್ಚಿ ಟ್ರೇಯಲ್ಲಿಟ್ಟ ಮೇಲೆಯೇ ಡ್ರಿಪ್ ಬಿಡುವುದು. ದದ್ದು, ನಡುಕ, ಉಬ್ಬಸ ಕಂಡರೆ ಡ್ರಿಪ್ ನಿಲ್ಲಿಸಿ ತೊಡೆಯ ಸ್ನಾಯುವಿಗೆ ಕೊಡುತ್ತೇವೆ. ಡೋಸ್ ಮುಗಿದು 6 ಗಂಟೆ ಕಳೆದ ಮೇಲೆ ರಕ್ತದ ಪರೀಕ್ಷೆ ಮತ್ತೆ. ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ತಿರುಗಿ ತಯಾರಿಸಲು ಅಷ್ಟು ಹೊತ್ತು ಬೇಕು. ಅದಕ್ಕೂ ಮುಂಚೆ ನೋಡಿ ಇನ್ನೊಂದು ಡೋಸ್ ಏರಿಸುವುದು ಔಷಧಿ ದಂಡ.

2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ವರದಿ ಮಾಡಲೇಬೇಕಾದ ಕಾಯಿಲೆ, ಆ ನಮೂನೆ ಹೇಗೂ ತುಂಬಬೇಕು. ರೋಗಿಯನ್ನು ಕೋಲಾರಕ್ಕೆ ಕಳಿಸುವಾಗ ಅದಕ್ಕಿಂತ ಮುಖ್ಯ ರೆಫರಲ್ ಚೀಟಿ. ಕಚ್ಚಿದ ಹೊತ್ತು, ಕೊಟ್ಟ ವಯಲ್ ಎಷ್ಟು, ಟ್ಯೂಬ್ ಪರೀಕ್ಷೆಯ ಹೊತ್ತು ಮತ್ತು ಫಲಿತಾಂಶ, ಈ ಮೂರನ್ನು ದಪ್ಪಕ್ಷರದಲ್ಲಿ ಬರೆಯುತ್ತೇವೆ. ಇಲ್ಲದಿದ್ದರೆ ಅಲ್ಲಿನವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.