ಉದ್ರಿ ಪುಸ್ತಕ ಮುಚ್ಚಿದ ಮೇಲೆ

ಅಂಗಡಿ ಅಣ್ಣ ಎಂದಿನಂತೆ ಉದ್ರಿ ಪುಸ್ತಕ ತೆಗೆದು ನಮ್ಮ ಪುಟಕ್ಕೆ ಬಂದರು. ಅಕ್ಕಿ, ಬೇಳೆ, ಎಣ್ಣೆ, ಸೋಪು ಸೇರಿ 640 ರೂಪಾಯಿ ಆಗಿತ್ತು. "ಬರೀಬೇಡಿ ಅಣ್ಣಾ, ಇನ್ಮೇಲೆ ನಂಗೆ ಉದ್ರಿ ಬೇಡ" ಅಂದೆ. ಕೈಯಲ್ಲಿ ಇದ್ದಿದ್ದು 400. ಎಣ್ಣೆ ಮತ್ತು ಸೋಪು ವಾಪಸ್ ಇಟ್ಟೆ. ಅವರಿಗೆ ಬೇಜಾರಾಯಿತು. "ನಾನು ಯಾವತ್ತಾದ್ರೂ ದುಡ್ಡು ಕೇಳಿದ್ದೀನಾ ಅಕ್ಕಾ?" ಅಂದರು. ಒಂದು ದಿನವೂ ಕೇಳಿರಲಿಲ್ಲ.

ಆ ವಾರವಷ್ಟೇ ನ್ಯಾಯಾಲಯ ನನ್ನನ್ನು ದಿವಾಳಿ ಅಂತ ಘೋಷಿಸಿತ್ತು. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿದ್ದರೂ ನಮ್ಮಂಥ ಸಾಮಾನ್ಯರ ಸಾಲಕ್ಕೆ ಅದು ಜಾರಿಯಾಗಿರಲಿಲ್ಲ. ನನ್ನ ಅರ್ಜಿ ನಡೆದದ್ದು 1920ರ ಪ್ರಾವಿನ್ಶಿಯಲ್ ಇನ್ಸಾಲ್ವೆನ್ಸಿ ಕಾಯ್ದೆ ಮೇಲೆ. ಅದರ 72ನೇ ಕಲಮನ್ನು ವಕೀಲರು ನನಗೆ ಎರಡು ಸಲ ಓದಿ ಹೇಳಿದರು. ದಿವಾಳಿತನದಿಂದ ಬಿಡುಗಡೆ ಮಾಡುವ ನ್ಯಾಯಾಲಯದ ಆದೇಶ ಸಿಗುವವರೆಗೆ, ನಾನು ದಿವಾಳಿ ಅಂತ ತಿಳಿಸದೆ ಯಾರಿಂದಲೂ 50 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲ ತಗೊಂಡರೆ ಅದು ಅಪರಾಧ. ಆರು ತಿಂಗಳವರೆಗೆ ಜೈಲು ಆಗಬಹುದು. ನೂರು ವರ್ಷದ ಹಿಂದಿನ 50 ರೂಪಾಯಿ ಇವತ್ತಿಗೂ ಹಾಗೇ ಇದೆ. ಅಂಗಡಿಯ ಉದ್ರಿಯೂ ಸಾಲವೇ ಅಲ್ವಾ? ಹೇಳಿ ತಗೊಂಡರೆ ತಪ್ಪಿಲ್ಲ ಅಂತ ವಕೀಲರು ಅಂದರು. ಆದರೆ ಪ್ರತಿ ಸಲ ಹೇಳಿಕೊಂಡು ಸಾಲ ಮಾಡುವ ಬದಲು ಉದ್ರಿಯೇ ಬೇಡ ಅಂತ ನಾನು ತೀರ್ಮಾನ ಮಾಡಿದೆ. ನನ್ನ ಮನೆ ಲೆಕ್ಕ ಸರಿಹೋಗಲು ಶುರುವಾಗಿದ್ದು ಅಲ್ಲಿಂದಲೇ.

ಸಾಲ ಆದ ಕಥೆ ಚಿಕ್ಕದು. ಮಡಿಕೇರಿ ಹತ್ತಿರ ನನ್ನ ಹೆಸರಲ್ಲಿ ಸಾಲ ಮಾಡಿ ಹೋಂಸ್ಟೇ ಕಟ್ಟಿದೆವು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಜಿಲ್ಲೆಗೆ ಜಿಲ್ಲೆಯೇ ನಡುಗಿತು. ಅತಿಥಿಗಳು ಬರುವುದು ನಿಂತಿತು. ಮರುವರ್ಷ ಮತ್ತೆ ಮಳೆ, ಅದರ ಮರುವರ್ಷ ಲಾಕ್‌ಡೌನ್. ಅಡಮಾನ ಇಟ್ಟ ಮನೆಯನ್ನು ಬ್ಯಾಂಕ್ ಮಾರಿತು. ಆದರೂ ಸಾಲ ತೀರಲಿಲ್ಲ, ಕೈಸಾಲಗಳೂ ಉಳಿದವು. ಈಗ ಸುಂಟಿಕೊಪ್ಪದಲ್ಲಿ ಬಾಡಿಗೆ ಮನೆ. ಮನೆಯವರು ಬೇರೆಯವರ ಪಿಕಪ್ ಓಡಿಸುತ್ತಾರೆ.

ಮದುವೆಗೆ ಮುಂಚೆ ನಾನು ಲೆಕ್ಕ ಬರೆಯುವ ಕೆಲಸ ಮಾಡಿದ್ದೆ. ಹದಿನಾಲ್ಕು ವರ್ಷ ಬಿಟ್ಟು, 2024ರ ಜುಲೈ 8ರಂದು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅದೇ ಕೆಲಸಕ್ಕೆ ಸೇರಿದೆ. ದಿವಾಳಿ ವಿಷಯವನ್ನು ಮಾಲೀಕರಿಗೆ ಮೊದಲ ದಿನವೇ ಹೇಳಿದೆ. ಲೆಕ್ಕದ ಕೆಲಸ, ಆಮೇಲೆ ಬೇರೆಯವರಿಂದ ಗೊತ್ತಾಗುವುದು ಬೇಡ ಅನಿಸಿತು.

ಸಂಬಳ 18,000. ಕೈಗೆ ಬರುವುದು ಮುಂದಿನ ತಿಂಗಳ 7ಕ್ಕೆ. ನಾನು ಎಡವಿದ್ದು ಇಲ್ಲೇ. ಕೆಲಸ ಸಿಕ್ಕಿತು, ಇನ್ನೇನು ಕಷ್ಟ ಮುಗಿಯಿತು ಅಂದುಕೊಂಡಿದ್ದೆ. ಕೆಲಸಕ್ಕೆ ಹೋಗುವುದಕ್ಕೂ ಖರ್ಚಿದೆ, ಅದು ಸಂಬಳಕ್ಕಿಂತ ಮೊದಲು ಬರುತ್ತದೆ. ಕೊಡಗಿನ ಜುಲೈ ಅಂದರೆ ಗೊತ್ತಲ್ಲ. ಗಟ್ಟಿ ಕೊಡೆ ಬೇಕು, ನೀರಲ್ಲಿ ನಡೆಯುವ ಚಪ್ಪಲಿ ಬೇಕು, ಬೇಗ ಒಣಗುವ ಬಟ್ಟೆ ಬೇಕು. ನನ್ನ ಹತ್ತಿ ಚೂಡಿದಾರಗಳು ಮೂರು ದಿನವಾದರೂ ಒಣಗುತ್ತಿರಲಿಲ್ಲ. ಅತ್ತೆ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿ ಕೊಡುತ್ತಿದ್ದರು. ಬಸ್ಸಲ್ಲಿ ಕೂತರೆ ಮೈಯೆಲ್ಲ ಹೊಗೆ ವಾಸನೆ. ಕೊನೆಗೆ ಸಂತೆಯಲ್ಲಿ ಎರಡು ಪಾಲಿಸ್ಟರ್ ಚೂಡಿದಾರ ತಗೊಂಡೆ. ಎಲ್ಲ ಸೇರಿ 2,300 ರೂಪಾಯಿ ಹೋಯಿತು.

ಹಳೇ ಫ್ರಿಜ್ ಮಾರಿ ಆ ತಿಂಗಳು ದಾಟೋಣ ಅಂತ ಯೋಚಿಸಿದ್ದೆ. ವಕೀಲರು ಬೇಡವೇ ಬೇಡ ಅಂದರು. ನ್ಯಾಯಾಲಯಕ್ಕೆ ಕೊಟ್ಟ ಆಸ್ತಿ ಪಟ್ಟಿಯಲ್ಲಿ ಇರುವುದು ಈಗ ರಿಸೀವರ್, ಅಂದರೆ ದಿವಾಳಿಯಾದವರ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದವರ ಕೈಯಲ್ಲಿದ್ದ ಹಾಗೆ, ನಾವು ಮಾರುವಂತಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ತೊಡುವ ಬಟ್ಟೆ, ಕರಿಮಣಿ ಇವನ್ನು ಯಾರೂ ಜಪ್ತಿ ಮಾಡುವುದಿಲ್ಲ. ಅದು ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಕಲಮಿನಲ್ಲೇ ಇದೆ. ಇದನ್ನು ಕೇಳಿದ ರಾತ್ರಿ ಅತ್ತೆ ನೆಮ್ಮದಿಯಾಗಿ ಮಲಗಿದರು. ಕರಿಮಣಿಯನ್ನೂ ಕಿತ್ತುಕೊಳ್ಳುತ್ತಾರೆ ಅಂತ ಯಾರೋ ಅವರನ್ನು ಹೆದರಿಸಿದ್ದರು.

ಹಾಗಾಗಿ ಮೊದಲ ತಿಂಗಳು ನಡೆದದ್ದು ಮನೆಯವರ ದಿನಗೂಲಿ ಮತ್ತು ಗೃಹಲಕ್ಷ್ಮಿಯ 2,000ದಲ್ಲಿ. ತಂಗಿ ಗದ್ದೆಯ ಅಕ್ಕಿ ಅರ್ಧ ಮೂಟೆ ಕಳಿಸಿದಳು. "ಇದು ಸಾಲ ಅಲ್ಲ ಅಕ್ಕಾ, ಬರೆದಿಟ್ಕೋಬೇಡ" ಅಂದಳು. ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಸೇರುವ ಮೊದಲೇ ಒಂದೂವರೆ ತಿಂಗಳ ಅಕ್ಕಿ ಬೇಳೆಯ ದಾರಿ ನೋಡಿಕೊಳ್ಳಿ. ಮೊದಲ ಸಂಬಳ ಪೂರ್ತಿ ಬರುವುದೂ ಇಲ್ಲ. ನನಗೆ 24 ದಿನಕ್ಕೆ ಪಿಎಫ್ ಕಳೆದು 12,541 ಬಂತು.

ಸಂಬಳದ ಖಾತೆಯನ್ನು ಸಾಲ ಇಲ್ಲದ ಬೇರೆ ಬ್ಯಾಂಕಿನಲ್ಲಿ ತೆರೆದೆ. ಸಾಲ ಇರುವ ಬ್ಯಾಂಕಿಗೆ ಸಂಬಳ ಹೋದರೆ ಅವರು ಬಾಕಿಗೆ ಹೊಂದಿಸಿಕೊಳ್ಳುವ ಸಾಧ್ಯತೆ ಇದೆ. ಆದರೆ ಬಚ್ಚಿಟ್ಟಿಲ್ಲ, ಖಾತೆ ನಂಬರನ್ನು ವಕೀಲರ ಮೂಲಕ ರಿಸೀವರ್‌ಗೆ ಕೊಟ್ಟೆವು.

ಸಂಬಳದಲ್ಲಿ ಎಷ್ಟು ನನ್ನದು ಅನ್ನುವುದು ಎಲ್ಲಕ್ಕಿಂತ ಮುಖ್ಯ ಲೆಕ್ಕ. ಅದೇ 60ನೇ ಕಲಮಿನ ಪ್ರಕಾರ ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರ ಮೂರನೇ ಎರಡು ಭಾಗ, ಇಷ್ಟನ್ನು ಮುಟ್ಟುವಂತಿಲ್ಲ. ಜೀವನಾಂಶ ಕೊಡಬೇಕೆಂಬ ನ್ಯಾಯಾಲಯದ ಡಿಕ್ರಿಗಾದರೆ ಲೆಕ್ಕ ಬೇರೆ. ನನ್ನ 18,000ದಲ್ಲಿ 12,333 ಉಳಿಯುತ್ತದೆ, 5,667 ಹೋಗಬಹುದು. ಪಿಎಫ್‌ಗೆ 1,800 ಹೋಗುತ್ತದೆ. ಅದು ಕೈಗೆ ಸಿಗದಿದ್ದರೂ ನನಗೆ ದೊಡ್ಡ ಧೈರ್ಯ, ಪಿಎಫ್ ದುಡ್ಡನ್ನು ಸಾಲ ಕೊಟ್ಟವರಾಗಲಿ ರಿಸೀವರ್ ಆಗಲಿ ಮುಟ್ಟುವ ಹಾಗಿಲ್ಲ. ಎರಡನ್ನೂ ಕಳೆದು ನನ್ನ ಸಂಬಳ 10,533 ಅಂತಲೇ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಮಕ್ಕಳಿಗೂ ಹೇಳಿದೆ. ಆಮೇಲೆ ರಿಸೀವರ್‌ಗೆ ತಿಂಗಳಿಗೆ 3,000 ಕಟ್ಟುವುದು ಅಂತ ಆದಾಗ ಆ 5,667ರಲ್ಲಿ 2,667 ಉಳಿಯಿತು. ಅದನ್ನು ಮನೆ ಖರ್ಚಿಗೆ ಸೇರಿಸಲಿಲ್ಲ.

ಅದು ಹೋಗುವುದು ಮಳೆಗಾಲದ ಡಬ್ಬಿಗೆ. ಹಾರ್ಲಿಕ್ಸ್ ಡಬ್ಬಿ, ಮೇಲೆ ಮಗಳು 'ಜೂನ್' ಅಂತ ಬರೆದಿದ್ದಾಳೆ. ಕಾಫಿ ಕೊಯ್ಲಿನ ಸಮಯದಲ್ಲಿ ಮನೆಯವರಿಗೆ ದಿನವೂ ಪಿಕಪ್ ಬಾಡಿಗೆ ಸಿಗುತ್ತದೆ. ಮಳೆ ಹಿಡಿದರೆ ತಿಂಗಳಿಗೆ ಹತ್ತು ದಿನ ಸಿಕ್ಕಿದರೆ ಪುಣ್ಯ. ಅದೇ ಹೊತ್ತಿಗೆ ಶಾಲೆ ಶುರು, ಜ್ವರ ಶುರು. ಈ ಊರಲ್ಲಿ ಹುಟ್ಟಿದವರಿಗೆ ವರ್ಷಕ್ಕೊಮ್ಮೆ, ಕಾಫಿ ಮಾರಿದಾಗ, ದುಡ್ಡು ನೋಡಿ ಅಭ್ಯಾಸ. ಆ ಮಾರ್ಚಿನ ನಂಬಿಕೆಯಲ್ಲೇ ವರ್ಷಪೂರ್ತಿ ಉದ್ರಿ ಬರೆಸುತ್ತೇವೆ. ತಿಂಗಳ ಸಂಬಳಕ್ಕೆ ಆ ಅಭ್ಯಾಸ ಆಗಿ ಬರುವುದಿಲ್ಲ.

ಮನೆ ಬಾಡಿಗೆ 5,000 ನನ್ನ ಸಂಬಳದಲ್ಲಿ ಮೊದಲು ಹೋಗುತ್ತದೆ. ಆಮೇಲೆ ಹಾಲು, ಗ್ಯಾಸ್, ಅತ್ತೆಯ ಬಿಪಿ ಮಾತ್ರೆ, ಮಕ್ಕಳ ಶಾಲೆ. ತರಕಾರಿ ಭಾನುವಾರದ ಸಂತೆಯಲ್ಲಿ, 300 ರೂಪಾಯಿ ಹಿಡಿದುಕೊಂಡು ಹೋಗುತ್ತೇನೆ, ಮುಗಿದರೆ ಮನೆಗೆ. ದಿನಸಿ ಮನೆಯವರ ದುಡ್ಡಲ್ಲಿ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಇಲ್ಲ. ಸರ್ಕಾರಿ ಬಸ್ಸಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್, ಆ ಬಸ್ಸು ಹಿಡಿಯಲು ಇಪ್ಪತ್ತು ನಿಮಿಷ ಬೇಗ ಹೊರಡುತ್ತೇನೆ.

ಲೆಕ್ಕಕ್ಕೆ ಸಿಗದೆ ಕಾಡಿದ್ದು ಎರಡು. ಒಂದು, ಮಡಿಕೇರಿ ನ್ಯಾಯಾಲಯದ ವಾಯಿದೆ. ಹೋದ ದಿನ 600 ರೂಪಾಯಿ ಸಂಬಳ ಕಟ್. ಮೂರು ಸಲ ಸುಮ್ನೆ ಹೋಗಿ ಕೂತು ಬಂದೆ. ಆಮೇಲೆ ವಕೀಲರನ್ನು ಕೇಳಿದರೆ ಪ್ರತಿ ವಾಯಿದೆಗೂ ನೀವು ಬರಬೇಕಿಲ್ಲ, ಬೇಕಾದಾಗ ಹೇಳುತ್ತೇನೆ ಅಂದರು. ಮೊದಲೇ ಕೇಳಬೇಕಿತ್ತು.

ಇನ್ನೊಂದು ಮುಯ್ಯಿ. ಏಪ್ರಿಲ್, ಮೇ ಬಂದರೆ ವಾರಕ್ಕೆರಡು ಮದುವೆ. 500ಕ್ಕಿಂತ ಕಮ್ಮಿ ಕವರ್ ಕೊಡಲು ಕೈ ಬರುತ್ತಿರಲಿಲ್ಲ. ಈಗ ಹಿಂದಿನ ದಿನವೇ ಮದುವೆ ಮನೆಗೆ ಹೋಗಿ ತೆಂಗಿನಕಾಯಿ ತುರಿದು, ಈರುಳ್ಳಿ ಹೆಚ್ಚಿ ಕೊಡುತ್ತೇನೆ. ಕವರಲ್ಲಿ 101. ಹೋದ ಮೇ ತಿಂಗಳಲ್ಲಿ ಒಬ್ಬರು ಹಿರಿಯರು ನನ್ನ ಕೈ ಹಿಡಿದು, "ನೀನು ಬಂದ್ಯಲ್ಲ ಮಗಾ, ಸಾಕು" ಅಂದರು. ಕಣ್ಣು ತುಂಬಿ ಬಂತು, ಈರುಳ್ಳಿ ಕೈಯಲ್ಲೇ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಬಿಡುಗಡೆಗೆ ಅರ್ಜಿ ಹಾಕಲು ನ್ಯಾಯಾಲಯ ಕೊಟ್ಟ ಸಮಯ ಹತ್ತಿರ ಬರುತ್ತಿದೆ. ಎಲ್ಲ ರಸೀದಿಗಳನ್ನೂ ತಿಂಗಳವಾರು ಪಿನ್ ಹಾಕಿ ಇಟ್ಟಿದ್ದೇನೆ. ಅಂಗಡಿ ಅಣ್ಣ ಈಗ ನನ್ನನ್ನು ನೋಡಿದರೆ ಪುಸ್ತಕ ತೆಗೆಯುವುದಿಲ್ಲ. "ಎಷ್ಟಿದೆ ಅಕ್ಕಾ ಇವತ್ತು?" ಅಂತ ಕೇಳುತ್ತಾರೆ. ನಾನು ಹೇಳಿದ ಮೊತ್ತಕ್ಕೆ ಸರಿಯಾಗಿ ತೂಗಿ ಕೊಡುತ್ತಾರೆ.