ಲೇಖಕರ ಪಟ್ಟಿ ಮೊದಲು, ಪ್ರಯೋಗ ಆಮೇಲೆ

ಸಂಶೋಧನಾ ತಂಡದಲ್ಲಿ ಮನಸ್ತಾಪ ಹುಟ್ಟಲು ಸಿದ್ಧಾಂತಗಳ ಭಿನ್ನಾಭಿಪ್ರಾಯವೇ ಬೇಕೆಂದಿಲ್ಲ. ಪ್ರಬಂಧದ ಶೀರ್ಷಿಕೆಯ ಕೆಳಗಿರುವ ಹೆಸರುಗಳ ಸಾಲು ಸಾಕು. ತಂಡವೊಂದರ ಹೊಣೆ ನನಗೆ ಬಂದಾಗ ಸಮಾನತೆಯ ಬಗ್ಗೆ ಚೆಂದದ ಘೋಷಣಾಪತ್ರ ಬರೆಯುವ ಗೋಜಿಗೆ ಹೋಗದೆ ಆ ಸಾಲಿನಿಂದಲೇ ಆರಂಭಿಸಿದೆ.

ನಮ್ಮಲ್ಲಿ ಪ್ರಯೋಗ ಶುರುವಾಗುವ ಮೊದಲೇ ಒಂದು ಹಾಳೆ ಸಿದ್ಧವಾಗುತ್ತದೆ. ಯಾರು ಏನು ಮಾಡುತ್ತಾರೆ, ಯಾರ ಹೆಸರು ಎಲ್ಲಿ ಬರಬಹುದು ಎಂದು ಅದರಲ್ಲಿ ಬರೆದಿಡುತ್ತೇವೆ. ಕೆಲಸ ಕೈ ಬದಲಾದರೆ ಹಾಳೆಯನ್ನೂ ತಿದ್ದುತ್ತೇವೆ. ಕೆಲಸಗಳನ್ನು ಗುರುತಿಸಲು ‘ಕ್ರೆಡಿಟ್’ ಎಂಬ ವರ್ಗೀಕರಣದ 14 ಪಾತ್ರಗಳನ್ನು ಬಳಸುತ್ತೇವೆ. ಪರಿಕಲ್ಪನೆ, ಬರವಣಿಗೆಗಳ ಜೊತೆಗೆ ಸಾಫ್ಟ್‌ವೇರ್, ದತ್ತಾಂಶದ ನಿರ್ವಹಣೆಯಂತಹ ಕಣ್ಣಿಗೆ ಬೀಳದ ದುಡಿಮೆಗೂ ಅದರಲ್ಲಿ ಜಾಗವಿದೆ.

ಯಾರು ಲೇಖಕರು ಎಂಬುದಕ್ಕೆ ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ನಾಲ್ಕು ಷರತ್ತುಗಳನ್ನು ಇಟ್ಟಿದೆ. ಸಂಶೋಧನೆಯಲ್ಲಿ ಗಣನೀಯ ಪಾಲು ಇರಬೇಕು, ಕರಡನ್ನು ಬರೆಯಬೇಕು ಅಥವಾ ವಿಮರ್ಶಿಸಿ ತಿದ್ದಬೇಕು, ಅಂತಿಮ ರೂಪಕ್ಕೆ ಒಪ್ಪಿಗೆ ನೀಡಬೇಕು, ಇಡೀ ಕೆಲಸಕ್ಕೆ ಉತ್ತರದಾಯಿಯಾಗಿರಬೇಕು. ನಾಲ್ಕೂ ಈಡೇರಬೇಕು. ಇದನ್ನೇ ಹಿಡಿದುಕೊಂಡು ತಂತ್ರಜ್ಞರನ್ನೂ ಕಿರಿಯರನ್ನೂ ಹೊರಗಿಡುವ ಜಾಣತನವನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕರಡನ್ನು ಅವರಿಗೆ ತೋರಿಸುವುದೇ ಇಲ್ಲ. ಆಮೇಲೆ ಅವರು ತಿದ್ದಲು ಬರಲಿಲ್ಲ ಎಂದು ಕೈ ತೊಳೆದುಕೊಳ್ಳುವುದು. ಮೊದಲ ಷರತ್ತನ್ನು ಪೂರೈಸಿದವರಿಗೆ ಉಳಿದವುಗಳಲ್ಲಿ ಪಾಲ್ಗೊಳ್ಳುವ ಅವಕಾಶ ಸಿಗಲೇಬೇಕು ಎಂದು ಅದೇ ನಿಯಮಾವಳಿ ಹೇಳುತ್ತದೆ. ಈ ಸಾಲನ್ನು ಓದಿದವರು ಕಡಿಮೆ, ಅಥವಾ ಓದಿ ಮರೆತವರು ಹೆಚ್ಚು. ನಾವು ಕರಡನ್ನು ಎಲ್ಲರಿಗೂ ಒಂದೇ ದಿನ ಕಳುಹಿಸುತ್ತೇವೆ. ಬರೆದು ತಿಳಿಸುವುದು ಕಷ್ಟವೆನ್ನುವವರ ಜೊತೆ ಕುಳಿತು, ಅವರು ಬಾಯಲ್ಲಿ ಹೇಳಿದ ತಿದ್ದುಪಡಿಗಳನ್ನು ದಾಖಲಿಸುತ್ತೇವೆ.

ಧನಸಹಾಯ ತಂದದ್ದಷ್ಟಕ್ಕೇ ಯಾರೂ ಲೇಖಕರಾಗುವುದಿಲ್ಲ ಎಂಬ ಮಾತೂ ಅಲ್ಲೇ ಇದೆ. ಅದು ನನಗೂ ಅನ್ವಯಿಸಬೇಕಲ್ಲ! ನನ್ನ ಹೆಸರಿಲ್ಲದ ಪ್ರಬಂಧಗಳೂ ನಮ್ಮ ತಂಡದಿಂದ ಹೊರಬಂದಿವೆ. ಒಳಗೊಳಗೇ ಕಸಿವಿಸಿಯಾಗಲಿಲ್ಲ ಎಂದರೆ ಸುಳ್ಳಾದೀತು.

ವಾರದ ಸಭೆಯಲ್ಲಿ ಕಿರಿಯರು ಮೊದಲು ಮಾತನಾಡುತ್ತಾರೆ, ನಾನು ಕೊನೆಗೆ. ಹಿರಿಯರು ಅಭಿಪ್ರಾಯ ಹೇಳಿದ ಮೇಲೆ ಹೊಸಬರ ಬಾಯಿಂದ ಬರುವುದು ಹೌದೌದು ಮಾತ್ರ. ಇದು ಬರೀ ಸೌಜನ್ಯದ ವಿಷಯವಲ್ಲ. 2011ರಲ್ಲಿ ನೆದರ್ಲೆಂಡ್ಸ್‌ನ ಸಾಮಾಜಿಕ ಮನೋವಿಜ್ಞಾನಿ ಡಿಡರಿಕ್ ಸ್ಟಾಪೆಲ್ ಅವರ ವಂಚನೆ ಬಯಲಾದದ್ದು ಕಿರಿಯ ಸಂಶೋಧಕರು ಧೈರ್ಯ ಮಾಡಿದ್ದರಿಂದ. ಅದಕ್ಕೂ ಮೊದಲು ಎಷ್ಟೋ ವರ್ಷ ಸ್ಟಾಪೆಲ್ ತಾವೇ ಕಲ್ಪಿಸಿ ಕಟ್ಟಿದ ಸುಳ್ಳು ದತ್ತಾಂಶವನ್ನು ವಿದ್ಯಾರ್ಥಿಗಳ ಕೈಗಿಡುತ್ತಿದ್ದರು. ಹೀಗಾಗಿ ನಮ್ಮಲ್ಲಿ ಕಚ್ಚಾ ದತ್ತಾಂಶ ಯಾರೊಬ್ಬರ ಸ್ವಂತ ಲ್ಯಾಪ್‌ಟಾಪ್‌ನಲ್ಲೂ ಇರುವುದಿಲ್ಲ. ಉಪಕರಣದಿಂದ ನೇರವಾಗಿ ಸರ್ವರ್‌ಗೆ ಹೋಗುತ್ತದೆ. ತಂಡದ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಲು ಯಾರಿಗೂ ಆಗದು. ನನಗೂ ಆಗದು.

ಚಿಕ್ಕಪುಟ್ಟ ಸಂಗತಿಗಳೂ ಇವೆ. ಸ್ಲೈಡ್‌ಗಳನ್ನು ಹಿಂದಿನ ದಿನವೇ ಹಂಚುವುದರಿಂದ ಕಿವಿ ಮಂದವಿರುವವರಿಗೂ, ಸಭೆಯ ಭಾಷೆ ಇನ್ನೂ ಪಳಗದವರಿಗೂ ಚರ್ಚೆ ಹಿಡಿಯಲು ಸಿಗುತ್ತದೆ. ನಕ್ಷೆಗಳಲ್ಲಿ ಕೆಂಪು, ಹಸಿರುಗಳನ್ನು ಮಾತ್ರ ನೆಚ್ಚಿಕೊಳ್ಳುವುದಿಲ್ಲ. ಬಣ್ಣಗುರುಡು ಇರುವ ಬಹಳಷ್ಟು ಜನರಿಗೆ ಅವೆರಡನ್ನು ಬೇರೆಬೇರೆಯಾಗಿ ಗುರುತಿಸುವುದು ಕಷ್ಟ. ಸಭೆಯ ಟಿಪ್ಪಣಿ ಬರೆಯುವ, ಅತಿಥಿಗಳ ವ್ಯವಸ್ಥೆ ನೋಡುವ ಕೆಲಸ ಸರದಿಯ ಮೇಲೆ ನಡೆಯುತ್ತದೆ, ಇಲ್ಲದಿದ್ದರೆ ಅದು ತಾನಾಗಿಯೇ ಹೆಣ್ಣುಮಕ್ಕಳ ಪಾಲಿಗೆ ಹೋಗಿ ನಿಲ್ಲುತ್ತದೆ.

ದೂರುಗಳ ವಿಷಯ ಮಾತ್ರ ಇಷ್ಟು ಸಲೀಸಲ್ಲ. ದೂರು ನನ್ನ ಮೇಲೆಯೇ ಇದ್ದರೆ? ಆದ್ದರಿಂದ ವಿಚಾರಣೆ ತಂಡದ ಹೊರಗಿನವರದು. ಆದರೂ ಬೆರಳೆಣಿಕೆಯ ಜನರಿರುವ ಕಡೆ ಹೆಸರು ಮುಚ್ಚಿಟ್ಟರೂ ದೂರು ಕೊಟ್ಟವರು ಯಾರೆಂದು ಊಹಿಸುವುದು ಸುಲಭ. ವಿದ್ಯಾರ್ಥಿಯ ಬಾಯಿ ಕಟ್ಟುವುದು ಮಾರ್ಗದರ್ಶಕರ ಶಿಫಾರಸು ಪತ್ರದ ಚಿಂತೆ. ಇದಕ್ಕಾಗಿ ಪ್ರತಿ ವಿದ್ಯಾರ್ಥಿಗೂ ಬೇರೆ ವಿಭಾಗದ ಎರಡನೇ ಮಾರ್ಗದರ್ಶಕರನ್ನು ಸೇರಿದಾಗಲೇ ಗೊತ್ತುಮಾಡುತ್ತೇವೆ. ಅವರು ವಿದ್ಯಾರ್ಥಿಯ ಕೆಲಸವನ್ನು ವರ್ಷವಿಡೀ ಗಮನಿಸುತ್ತಾರೆ, ಬೇಕಾದಾಗ ನನ್ನನ್ನು ಕೇಳದೆಯೇ ಶಿಫಾರಸು ಪತ್ರ ಬರೆದುಕೊಡುತ್ತಾರೆ.