60 ಕಾರ್ಡು, ಒಂದು ಡಬ್ಬಿ, ಮಡಿಕೇರಿಯ ಮಳೆ

ನಾನು ಪೋಕೆಮಾನ್ ಕಾರ್ಡ್ ಆಟಕ್ಕೆ ಬಂದಿದ್ದು ಅಕ್ಕನ ಮಗನಿಂದ. ಮಡಿಕೇರಿ ದಸರಾದ ಗದ್ದಲದಲ್ಲಿ ಒಂದು ಅಂಗಡಿಯಿಂದ ಅವನು ಚಿನ್ನದ ಬಣ್ಣದ ಕಾರ್ಡುಗಳ ಕಟ್ಟೊಂದನ್ನು ತಂದ. ಮನೆಗೆ ಬಂದವನೇ ಜಗಲಿಯಲ್ಲಿ ಹರಡಿಕೊಂಡು "ಮಾವ, ಇದನ್ನ ಆಡೋದು ಹೇಗೆ?" ಅಂತ ಕೇಳಿದ. ನನಗೆ ಗೊತ್ತಿದ್ದ ಎಲೆ ಆಟ ಅಂದ್ರೆ ರಮ್ಮಿ ಒಂದೇ. ಅವತ್ತು ರಾತ್ರಿ ಕೂತು ಹುಡುಕಿದೆ. ಇದು 1996ರಲ್ಲಿ ಜಪಾನಿನಲ್ಲಿ ಶುರುವಾದ ಆಟ, ಇದಕ್ಕೆ ಗಟ್ಟಿ ನಿಯಮಗಳಿವೆ, ಟೂರ್ನಿ ಇದೆ, ದೊಡ್ಡವರೂ ಆಡುತ್ತಾರೆ ಅಂತೆಲ್ಲ ಗೊತ್ತಾಯ್ತು. ಅವನ ಕೈಯಲ್ಲಿದ್ದ ಚಿನ್ನದ ಕಾರ್ಡುಗಳೆಲ್ಲ ನಕಲಿ ಅಂತಾನೂ ಗೊತ್ತಾಯ್ತು. ಅದನ್ನು ಅವನಿಗೆ ಹೇಳಲು ಎರಡು ದಿನ ಬೇಕಾಯ್ತು. ಹೊಸದಾಗಿ ಶುರು ಮಾಡುವವರು ಇದನ್ನು ಮೊದಲೇ ತಿಳಿದುಕೊಳ್ಳಿ: ಚಿನ್ನದ ಕಟ್ಟು ಟೂರ್ನಿಯಲ್ಲಿ ನಡೆಯಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡ್ತೇನೆ. ಡೆಕ್ಕಿನಲ್ಲಿ, ಅಂದ್ರೆ ನಾವು ಆಡಲು ಕಟ್ಟಿಕೊಂಡ ಕಟ್ಟಿನಲ್ಲಿ, ಸರಿಯಾಗಿ 60 ಕಾರ್ಡ್ ಇರಬೇಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಒಂದೇ ಹೆಸರಿನ ಕಾರ್ಡ್ 4ಕ್ಕಿಂತ ಜಾಸ್ತಿ ಹಾಕುವಂತಿಲ್ಲ, ಬೇಸಿಕ್ ಎನರ್ಜಿಗೆ ಮಾತ್ರ ಆ ಮಿತಿ ಇಲ್ಲ (ಎನರ್ಜಿ ಅಂದ್ರೆ ಏಟು ಹೊಡೆಯಲು ಪೋಕೆಮಾನಿಗೆ ಹಚ್ಚುವ ಕಾರ್ಡ್). ಶುರುವಿನಲ್ಲಿ ಕೈಗೆ 7 ಎಲೆ. ಇನ್ನು 6 ಎಲೆಯನ್ನು ಪ್ರೈಸ್ ಅಂತ ಬೋರಲಾಗಿ ಪಕ್ಕಕ್ಕಿಡಬೇಕು. ಎದುರಿನವರ ಪೋಕೆಮಾನನ್ನು ಹೊಡೆದುರುಳಿಸಿದಾಗ ನಮ್ಮ ಪ್ರೈಸಿನಲ್ಲಿ ಒಂದನ್ನು ಎತ್ತಿಕೊಳ್ಳುತ್ತೇವೆ, ಬಿದ್ದದ್ದು ಇಎಕ್ಸ್ ಅಥವಾ ವಿ ಅನ್ನೋ ಬಲಶಾಲಿ ಬಗೆಯದಾಗಿದ್ದರೆ ಸಾಮಾನ್ಯವಾಗಿ ಎರಡು. ಮೊದಲು ಆರನ್ನೂ ಎತ್ತಿಕೊಂಡವರು ಗೆದ್ದಂತೆ.

ನನ್ನ ಮೊದಲ ಡೆಕ್ಕು ತುಂಬಾ ಚೆಂದ ಇತ್ತು. ದೊಡ್ಡ ದೊಡ್ಡ ಪೋಕೆಮಾನ್, 20 ಎನರ್ಜಿ. ಆದರೆ ನೇರವಾಗಿ ಬೆಂಚಿಗೆ, ಅಂದ್ರೆ ಮುಂದೆ ನಿಂತು ಹೊಡೆದಾಡುವ ಪೋಕೆಮಾನಿನ ಹಿಂದೆ ಕಾಯುವ ಸಾಲಿಗೆ, ಇಳಿಸಬಹುದಾದ ಬೇಸಿಕ್ ಪೋಕೆಮಾನ್ 6 ಮಾತ್ರ. ಅಕ್ಕನ ಮಗನ ಎದುರೇ ಸೋತೆ, ಒಂದಲ್ಲ, ಸತತವಾಗಿ. ಕೈಗೆ ಬಂದ 7ರಲ್ಲಿ ಬೇಸಿಕ್ ಒಂದೂ ಇಲ್ಲದಿದ್ದರೆ ಕೈ ತೋರಿಸಿ, ಮತ್ತೆ ಕಲಸಿ, ಹೊಸ 7 ಎತ್ತಬೇಕು. ಹಾಗೆ ಮಾಡಿದಾಗೆಲ್ಲ ಎದುರಿನವರು ಒಂದು ಎಲೆ ಜಾಸ್ತಿ ಎತ್ತಿಕೊಳ್ಳಬಹುದು. ನನಗೆ ಹೀಗೆ ಯಾಕೆ ಪದೇ ಪದೇ ಆಗ್ತಿದೆ ಅಂತ ಒಂದು ಸಂಜೆ ಕ್ಯಾಲ್ಕುಲೇಟರ್ ಹಿಡಿದು ಕೂತೆ. 60ರಲ್ಲಿ 6 ಬೇಸಿಕ್ ಇದ್ದರೆ ಖಾಲಿ ಕೈ ಬರುವುದು ನೂರಕ್ಕೆ 46 ಸಲ. 9 ಇದ್ದರೆ 30 ಸಲ. 12 ಇದ್ದರೆ 19. ನನಗೆ ಅದೃಷ್ಟ ಇಲ್ಲ ಅಂದುಕೊಂಡಿದ್ದೆ, ಅದು ಅದೃಷ್ಟದ ಮಾತೇ ಆಗಿರಲಿಲ್ಲ, ಡೆಕ್ಕು ಕಟ್ಟಿದ ದಿನವೇ ಅರ್ಧ ಆಟ ಸೋತಾಗಿತ್ತು.

ಅವತ್ತಿನಿಂದ ನಾನು ಡೆಕ್ಕನ್ನು ನೋಡುವ ರೀತಿಯೇ ಬದಲಾಯ್ತು. ಯಾವ ಕಾರ್ಡ್ ಎಷ್ಟು ಬಲಶಾಲಿ ಅನ್ನೋದಲ್ಲ, ಅದು ಬೇಕಾದ ಹೊತ್ತಿಗೆ ಕೈಗೆ ಬರುತ್ತದಾ ಅನ್ನೋದು ಪ್ರಶ್ನೆ. 4 ಹಾಕಿದ ಕಾರ್ಡ್ ಕೂಡ ಮೊದಲ 7ರಲ್ಲಿ ಕಾಣಿಸಿಕೊಳ್ಳುವುದು ನೂರಕ್ಕೆ 40 ಸಲ ಮಾತ್ರ. ಒಂದೇ ಒಂದು ಹಾಕಿದ್ದು ಪ್ರೈಸಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಹತ್ತರಲ್ಲಿ ಒಂದು ಸಲ. ಎರಡು ಹಾಕಿದರೆ ಎರಡೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುವುದು ನೂರರಲ್ಲಿ ಒಂದು ಸಲವೂ ಇಲ್ಲ. ಈ ನಾಲ್ಕು ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ, ಈಗಲೂ ಇದೆ.

2024ರಲ್ಲಿ ನಾನು ಹಿಡಿದದ್ದು ಚಾರಿಜಾರ್ಡ್ ಇಎಕ್ಸ್. ಜೊತೆಗೆ ಪಿಜಿಯಾಟ್ ಇಎಕ್ಸ್. ಇವೆರಡೂ ಇರುವ ಲೀಗ್ ಬ್ಯಾಟಲ್ ಡೆಕ್ ಸಿದ್ಧವಾಗಿಯೇ ಸಿಗುತ್ತಿತ್ತು, ಅದನ್ನು ತರಿಸಿಕೊಂಡು ಉಳಿದ ಕಾರ್ಡುಗಳನ್ನು ಬಿಡಿಯಾಗಿ ಕೊಂಡೆ. ಒಳಗೆ ಯಾವ ಕಾರ್ಡ್ ಇದೆ ಅಂತ ಗೊತ್ತಿಲ್ಲದ ಪ್ಯಾಕ್ ಒಡೆದು ಡೆಕ್ ಕಟ್ಟುತ್ತೇನೆ ಅಂತ ಹೊರಟರೆ ದುಡ್ಡು ಹೋಗುತ್ತೆ, ಬೇಕಾದ್ದು ಬರಲ್ಲ. ಪ್ಯಾಕ್ ಒಡೆಯುವ ಖುಷಿಯೇ ಬೇರೆ, ಅದನ್ನು ಹಬ್ಬಕ್ಕೆ ಇಟ್ಟುಕೊಳ್ಳಿ.

ಚಾರಿಜಾರ್ಡನ್ನು ಯಾಕೆ ಆರಿಸಿದೆ ಅಂದ್ರೆ, ಅದನ್ನು ಎವಾಲ್ವ್ ಮಾಡಿ, ಅಂದ್ರೆ ಅದರ ಸಣ್ಣ ರೂಪದ ಮೇಲೆ ಇಟ್ಟು, ಇಳಿಸಿದ ಕೂಡಲೇ ಡೆಕ್ಕಿನಿಂದ 3 ಬೆಂಕಿ ಎನರ್ಜಿ ತಾನೇ ಹುಡುಕಿ ಹಚ್ಚಿಕೊಳ್ಳುತ್ತದೆ. ಹಾಗಾಗಿ ಮೊದಲಿನ 20 ಎನರ್ಜಿ 6ಕ್ಕೆ ಇಳಿಯಿತು. ಮಿಕ್ಕ 14 ಜಾಗಕ್ಕೆ ಹುಡುಕಿ ಕೊಡುವ ಕಾರ್ಡುಗಳು ಬಂದವು. ಬಡಿ-ಬಡಿ ಪಾಫಿನ್ 4, ಅದು ಚಾರ್ಮ್ಯಾಂಡರ್, ಪಿಜಿ ಥರದ ಸಣ್ಣವನ್ನು ಎರಡೆರಡಾಗಿ ಬೆಂಚಿಗೆ ತರುತ್ತದೆ. ಅಲ್ಟ್ರಾ ಬಾಲ್ 4. ಚಾರ್ಮ್ಯಾಂಡರಿನಿಂದ ನೇರ ಚಾರಿಜಾರ್ಡಿಗೆ ಹಾರಿಸುವ ರೇರ್ ಕ್ಯಾಂಡಿ 4, ಇದರಲ್ಲಿ ಒಂದನ್ನೂ ಕಡಿಮೆ ಮಾಡಬೇಡಿ. ಪಿಜಿಯಾಟ್ ಬೆಂಚಿನಲ್ಲಿ ಕೂತರೆ ಪ್ರತಿ ಸರದಿಯಲ್ಲೂ ಡೆಕ್ಕಿನಿಂದ ಇಷ್ಟವಾದ ಯಾವುದೇ ಒಂದು ಕಾರ್ಡ್ ತೆಗೆದುಕೊಳ್ಳಬಹುದು. ಅದಕ್ಕೇ ಪಿಜಿಯಾಟ್ ಎರಡು. ಮುಚ್ಚಳದ ಚೀಟಿ ನೆನಪಿದೆ ಅಲ್ವಾ?

ಇಷ್ಟು ಆದ ಮೇಲೆ ತೆಗೆಯುವ ಕೆಲಸ. ಇದು ಸೇರಿಸುವುದಕ್ಕಿಂತ ಕಷ್ಟ. ನನ್ನ ಪಟ್ಟಿ ಮೊದಲು 67ಕ್ಕೆ ಬಂದು ನಿಂತಿತ್ತು. 7 ಕಾರ್ಡ್ ತೆಗೆಯಲು ನನಗೆ ಮೂರು ವಾರ ಹಿಡಿಯಿತು. ನಾನು ಮಾಡಿದ್ದು ಇಷ್ಟೇ: ಪ್ರತಿ ಆಟ ಮುಗಿದ ಮೇಲೆ ಕೈಯಲ್ಲಿ ಬಳಸದೆ ಉಳಿದ ಕಾರ್ಡುಗಳ ಹೆಸರನ್ನು ಹಳೇ ಡೈರಿಯಲ್ಲಿ ಬರೆದಿಟ್ಟೆ. ಮೂವತ್ತು ಆಟ ಆಗುವಷ್ಟರಲ್ಲಿ ಕೆಲವು ಹೆಸರು ಪುಟ ಪುಟದಲ್ಲೂ ಬರುತ್ತಿದ್ದವು. ಅವು ಹೋದವು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕಾರ್ಡೂ ಇತ್ತು, ಅದನ್ನು ಈಗ ಗೋಡೆಗೆ ಫ್ರೇಮ್ ಹಾಕಿಸಿದ್ದೇನೆ.

ಮೂವತ್ತು ಆಟ ಯಾರ ಜೊತೆ ಅಂತ ಕೇಳಬಹುದು. ನಮ್ಮ ಮನೆ ಸೋಮವಾರಪೇಟೆ ರಸ್ತೆಯಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ. ಈ ಆಟದ ಅಂಗಡಿ ನಮ್ಮ ಸುತ್ತಮುತ್ತ ಎಲ್ಲೂ ಕಂಡಿಲ್ಲ. ಪೋಕೆಮಾನ್ ಟಿಸಿಜಿ ಲೈವ್ ಆ್ಯಪಿನಲ್ಲಿ ಪುಕ್ಕಟೆ ಆಡಬಹುದು, ಬೇಸಿಗೆಯಲ್ಲಿ ಅದು ಸಾಕು. ಜೂನ್ ಬಂತು ಅಂದ್ರೆ ಮರ ಬಿದ್ದು ಕರೆಂಟು ಹೋಗುತ್ತೆ, ಹಿಂದೆಯೇ ನೆಟ್‌ವರ್ಕೂ ಹೋಗುತ್ತೆ. ಹಾಗಾಗಿ ಎದುರಿನವರು ತರಬಹುದಾದ ನಾಲ್ಕು ಡೆಕ್ಕುಗಳ ಪಟ್ಟಿ ಮಾಡಿ, ಮಡಿಕೇರಿಯ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪ್ರಿಂಟ್ ತೆಗೆಸಿ, ಕತ್ತರಿಸಿ, ಹಳೇ ಕಾರ್ಡಿನ ಮುಂದೆ ಇಟ್ಟು ಸ್ಲೀವಿಗೆ (ಕಾರ್ಡಿನ ಪ್ಲಾಸ್ಟಿಕ್ ಕವರಿಗೆ) ತುರುಕಿದೆ. ಇವನ್ನು ಟೂರ್ನಿಯಲ್ಲಿ ಬಳಸುವಂತಿಲ್ಲ, ಮನೆಯ ಅಭ್ಯಾಸಕ್ಕೆ ಯಾರ ಅಡ್ಡಿಯೂ ಇಲ್ಲ. ಎಮರ್ಜೆನ್ಸಿ ಲೈಟ್ ಹಚ್ಚಿಕೊಂಡು ಅಕ್ಕನ ಮಗ ಒಂದೊಂದು ದಿನ ಒಂದೊಂದು ಡೆಕ್ ಆಡುತ್ತಿದ್ದ, ನಾನು ಮಾತ್ರ ಚಾರಿಜಾರ್ಡನ್ನು ಬಿಡಲಿಲ್ಲ. ನಗರದಲ್ಲಿದ್ದಿದ್ದರೆ ವಾರಕ್ಕೊಂದು ಹೊಸ ಡೆಕ್ ಹಿಡಿಯುತ್ತಿದ್ದೆನೇನೋ. ಇಲ್ಲಿ ಇದ್ದದ್ದು ಒಂದೇ, ಅದರ ಒಳಗು ಹೊರಗು ಪೂರ್ತಿ ಗೊತ್ತಾಯ್ತು. ಡೆಕ್ಕಿನೊಳಗೆ ಮೊದಲ ಸಲ ಹುಡುಕುವಾಗಲೇ ಏನು ಕಾಣಿಸ್ತಿಲ್ಲ ಅಂತ ನೋಡಿ, ಪ್ರೈಸಿನಲ್ಲಿ ಯಾವ 6 ಇದೆ ಅಂತ ಹೇಳುವುದನ್ನು ಅಲ್ಲೇ ಕಲಿತೆ. ಮೊದಲು ಒಂಟಿ ಕಾರ್ಡುಗಳನ್ನು ನೋಡಬೇಕು, ಆಮೇಲೆ ಚಾರಿಜಾರ್ಡ್ ಎಷ್ಟು, ಕ್ಯಾಂಡಿ ಎಷ್ಟು, ಕೊನೆಗೆ ಎನರ್ಜಿ. ಶುರುವಿನಲ್ಲಿ ಐದು ನಿಮಿಷ ಹಿಡಿಯುತ್ತಿತ್ತು, ಈಗ ಒಂದು ನಿಮಿಷದೊಳಗೆ ಆಗುತ್ತೆ.

ಈಗ ತೇವದ ವಿಷಯ. ಇದನ್ನು ಬೇರೆ ಊರಿನವರು ಯಾರೂ ನನಗೆ ಹೇಳಿರಲಿಲ್ಲ. ಹೊಳೆಯುವ ಕಾರ್ಡಿನಲ್ಲಿ ಕಾಗದದ ಮೇಲೆ ತೆಳ್ಳಗೆ ಫಾಯಿಲ್ ಇರುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಫಾಯಿಲ್ ಹಿಗ್ಗಲ್ಲ, ಆಗ ಕಾರ್ಡ್ ಮುಂಭಾಗದ ಕಡೆಗೆ ದೋಣಿ ಥರ ಬಾಗುತ್ತದೆ. ಕಾಫಿ ಒಣಗಿಸಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಇಎಕ್ಸ್ ಕಾರ್ಡುಗಳೆಲ್ಲ ಹೊಳೆಯುವವೇ. ಅಂದ್ರೆ ಡೆಕ್ಕನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿದರೆ ಚಾರಿಜಾರ್ಡ್ ಎಲ್ಲಿದೆ ಅಂತ ಸಂದಿಯಲ್ಲೇ ಗೊತ್ತಾಗುತ್ತದೆ. ನಿಯಮದ ಪ್ರಕಾರ ಅದು ಗುರುತಿರುವ ಕಾರ್ಡ್. ನನ್ನ ಮೊದಲ ಟೂರ್ನಿಯಲ್ಲಿ ಜಡ್ಜ್ ಡೆಕ್ಕನ್ನು ಹಾಗೇ ನೋಡಿ, "ಸರ್, ಈ ಮೂರು ಎಲೆ ಬದಲಾಯಿಸಬೇಕು" ಅಂದರು. ಕೈಕಾಲು ತಣ್ಣಗಾಯ್ತು. ಪಕ್ಕದ ಮೇಜಿನ ಹುಡುಗನೊಬ್ಬ, ನನ್ನ ಹೆಸರೂ ಕೇಳದೆ, ತನ್ನ ಬೈಂಡರಿನಿಂದ ಮೂರು ಚಾರಿಜಾರ್ಡ್ ತೆಗೆದು ಕೊಟ್ಟ, ಸಂಜೆ ಕೊಟ್ಟರಾಯ್ತು ಅಂದ. ಆ ಉಪಕಾರವನ್ನು ನಾನು ಮರೆಯಲ್ಲ.

ಮನೆಗೆ ಬಂದು ಕಾರ್ಡುಗಳನ್ನು ಬಚ್ಚಲು ಒಲೆಯ ಹತ್ತಿರ ಬೆಚ್ಚಗೆ ಇಟ್ಟು ನೋಡಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅತಿಯಾಗಿ ಒಣಗಿ ಹಿಂದಕ್ಕೆ ಬಾಗಿದವು. ಈಗ ಮಾಡುವುದು ಹೀಗೆ: ಒಳಗೊಂದು ಬಿಗಿ ಸ್ಲೀವ್, ಅದನ್ನು ತಲೆಕೆಳಗಾಗಿ ಹೊರಗಿನ ಸ್ಲೀವಿಗೆ ಹಾಕುವುದು. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ. ಒಳಗೆ ಚಪ್ಪಲಿ, ಶೂ ಡಬ್ಬದಲ್ಲಿ ಬರುತ್ತಲ್ಲ, ತೇವ ಹೀರುವ ಆ ಸಿಲಿಕಾ ಪೊಟ್ಟಣಗಳು ನಾಲ್ಕೈದು. ಹೊರಗೆ ಜೋರು ಮಳೆ ಇದ್ದ ದಿನ ಡಬ್ಬಿ ತೆಗೆಯುವುದೇ ಇಲ್ಲ, ಅವತ್ತು ಜೆರಾಕ್ಸ್ ಕಾರ್ಡಲ್ಲೇ ಆಟ. ಟ್ರೇನರ್ ಕಾರ್ಡುಗಳನ್ನು (ಅಲ್ಟ್ರಾ ಬಾಲ್, ರೇರ್ ಕ್ಯಾಂಡಿ ಥರದವು) ಹೊಳೆಯದ ಸಾದಾ ಪ್ರತಿಯಲ್ಲೇ ತೆಗೆದುಕೊಳ್ಳುತ್ತೇನೆ, ಅವು ಬಾಗುವುದು ಕಡಿಮೆ, ಬೆಲೆಯೂ ಕಡಿಮೆ.

ಟೂರ್ನಿಗೆ ಬೆಂಗಳೂರಿಗೇ ಹೋಗಬೇಕು. ಕೊಡಗಿಗೆ ರೈಲಿಲ್ಲ, ರಾತ್ರಿ ಬಸ್ಸೇ ಗತಿ. ಕುಶಾಲನಗರ, ಮೈಸೂರು ದಾಟಿ ಬೆಳಗಿನ ಜಾವ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು, ಮುಖ ತೊಳೆದು, ಇಡ್ಲಿ ತಿಂದು ನೇರ ಆಟಕ್ಕೆ. ಡೆಕ್ಕಿನ ಪಟ್ಟಿಯನ್ನು ಮನೆಯಲ್ಲೇ ಬರೆದು, ಬೇರೆಯವರಿಂದ ಒಮ್ಮೆ ಎಣಿಸಿಕೊಂಡು ಹೋಗಿ. ನಿದ್ದೆಗಣ್ಣಲ್ಲಿ ಬರೆದರೆ 59 ಆಗಿಬಿಡುತ್ತದೆ.

ನಮ್ಮಲ್ಲಿ ಟೂರ್ನಿ ಅಂದ್ರೆ ಹಾಕಿ ನೆನಪಾಗುತ್ತೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದು ಸೋತರೆ ಆ ವರ್ಷದ ಆಟ ಮುಗೀತು. ಇಲ್ಲಿ ಹಾಗಲ್ಲ. ಸ್ವಿಸ್ ಪದ್ಧತಿಯಲ್ಲಿ ಸೋತವರೂ ಮುಂದಿನ ಸುತ್ತು ಆಡುತ್ತಾರೆ, ತಮ್ಮಷ್ಟೇ ಅಂಕ ಇರುವವರ ಎದುರು. ಗೆದ್ದರೆ 3 ಅಂಕ, ಸಮವಾದರೆ 1. ಅಷ್ಟು ದೂರದಿಂದ ಹೋಗುವ ನಮ್ಮಂಥವರಿಗೆ ಇದು ದೊಡ್ಡ ಸಮಾಧಾನ, ಮೊದಲ ಸುತ್ತು ಸೋತರೂ ಬಸ್ಸಿನ ದುಡ್ಡು ದಂಡ ಆಗಲ್ಲ.

ನನ್ನ ಆ ಮೊದಲ ಟೂರ್ನಿಯಲ್ಲಿ 5 ಸುತ್ತು ಇತ್ತು. ಮೊದಲನೆಯದು ಸೋತೆ. ಮೂರನೆಯದು ಸಮ ಆಯ್ತು, ಅದು ನನ್ನದೇ ತಪ್ಪು. ಒಂದೊಂದು ಸುತ್ತಿನಲ್ಲೂ ಮೂರು ಆಟದಲ್ಲಿ ಎರಡು ಗೆಲ್ಲಬೇಕು, ಒಟ್ಟು 50 ನಿಮಿಷ. ಪಿಜಿಯಾಟ್ ಇದ್ದರೆ ಪ್ರತಿ ಸಲ ಹುಡುಕಬೇಕು, ಪ್ರತಿ ಸಲ ಕಲಸಬೇಕು, ಸಮಯ ಸೋರಿಹೋಗುತ್ತದೆ. ಮುಂದೆ ಯಾವ ಕಾರ್ಡ್ ತೆಗೆಯಬೇಕು ಅಂತ ಎದುರಿನವರ ಸರದಿ ನಡೆಯುವಾಗಲೇ ಯೋಚಿಸಿಟ್ಟುಕೊಳ್ಳಬೇಕು. ಮನೆಯಲ್ಲಿ ಗಡಿಯಾರ ಇಟ್ಟು ಆಡದೆ ಇದ್ದದ್ದರ ಫಲ ಅದು.

ನಾಲ್ಕನೆಯ ಸುತ್ತಿನ ಕೊನೆಯ ಆಟವನ್ನು ಮಾತ್ರ ವಿವರವಾಗಿ ಹೇಳಬೇಕು. ಎದುರಿಗೆ ರೇಜಿಂಗ್ ಬೋಲ್ಟ್ ಇಎಕ್ಸ್, ಜೊತೆಗೆ ಓಗರ್ಪಾನ್ ಇಎಕ್ಸ್. ಬೋಲ್ಟ್ ಒಂದೊಂದು ಎನರ್ಜಿ ಎಸೆದಾಗಲೂ 70 ಹೊಡೆಯುತ್ತದೆ, ಐದು ಎಸೆದರೆ 350. ನನ್ನ ಚಾರಿಜಾರ್ಡಿನ ಜೀವ 330. ಒಂದೇ ಏಟು. ಆದರೆ ಚಾರಿಜಾರ್ಡಿನ ಏಟು 180ರಿಂದ ಶುರುವಾಗಿ, ಎದುರಿನವರು ಎತ್ತಿದ ಪ್ರತಿ ಪ್ರೈಸಿಗೂ 30 ಏರುತ್ತದೆ. ಬೋಲ್ಟಿನ ಜೀವ 240. ಅವರು ಎರಡು ಪ್ರೈಸ್ ಎತ್ತಿದ್ದರೆ ನನ್ನ ಏಟು ಸರಿಯಾಗಿ 240! ಇದು ಮಳೆಗಾಲದ ರಾತ್ರಿಗಳಲ್ಲಿ ಅಕ್ಕನ ಮಗನ ಜೆರಾಕ್ಸ್ ಬೋಲ್ಟ್ ಎದುರು ಸೋತು ಸೋತು ಕಂಡುಕೊಂಡ ಲೆಕ್ಕ. ಹಾಗಾಗಿ ನಾನು ಮೊದಲ ಏಟಿಗೆ ಅವಸರ ಮಾಡಲಿಲ್ಲ. ರೋಟಮ್ ವಿಯನ್ನು ಮುಂದೆ ಬಿಟ್ಟೆ, ಅವರು ಉರುಳಿಸಿ ಎರಡು ಎತ್ತಿಕೊಂಡರು. ನಾನು ಚಾರಿಜಾರ್ಡ್ ಇಳಿಸಿ 240 ಹೊಡೆದೆ, ಎರಡು ಎತ್ತಿದೆ. ಅವರು ಚಾರಿಜಾರ್ಡನ್ನು ಬೀಳಿಸಿ ನಾಲ್ಕಕ್ಕೆ ಹೋದರು. ಆಗ ಅಯೋನೊ ಆಡಿದೆ. ಅದನ್ನು ಆಡಿದರೆ ಇಬ್ಬರೂ ಕೈಯಲ್ಲಿದ್ದದ್ದನ್ನೆಲ್ಲ ಡೆಕ್ಕಿನ ಕೆಳಗಿಟ್ಟು, ಉಳಿದ ಪ್ರೈಸ್ ಎಷ್ಟೋ ಅಷ್ಟೇ ಎಲೆ ಎತ್ತಬೇಕು. ಅವರಿಗೆ ಸಿಕ್ಕಿದ್ದು ಎರಡೇ ಎಲೆ. ಎರಡನೇ ಚಾರಿಜಾರ್ಡಿನ ಏಟು ಆಗ 300, ಇನ್ನೊಂದು ಬೋಲ್ಟ್ ಬಿತ್ತು. ಆ ಎರಡು ಎಲೆಯಲ್ಲಿ ಅವರಿಗೆ ಬೇಕಾದ್ದು ಬರಲಿಲ್ಲ. ನನ್ನ ಕೈಯಲ್ಲೂ ಬೇಕಾದ್ದು ಇರಲಿಲ್ಲ, ಆದರೆ ಬೆಂಚಿನಲ್ಲಿ ಪಿಜಿಯಾಟ್ ಇತ್ತು. ಬಾಸಸ್ ಆರ್ಡರ್ಸ್ ಹುಡುಕಿ ತೆಗೆದು, ಬೆಂಚಿನ ಓಗರ್ಪಾನನ್ನು ಮುಂದಕ್ಕೆಳೆದು ಹೊಡೆದೆ. ಆರು.

ಎದುರಿನವರು ಎದ್ದು ಕೈಕುಲುಕಿದರು. ಎಲ್ಲಿಂದ ಬಂದಿದ್ದೀರಿ ಅಂದರು. ಮಡಿಕೇರಿ ಅಂದೆ. ಅಲ್ಲಿ ಯಾರ ಜೊತೆ ಆಡ್ತೀರಿ ಅಂದರು. ಅಕ್ಕನ ಮಗನ ಹೆಸರು ಹೇಳಿದೆ.

ಐದನೆಯದನ್ನು ಸೋತೆ. ಎರಡು ಗೆಲುವು, ಒಂದು ಸಮ, ಎರಡು ಸೋಲು, 7 ಅಂಕ. ಮೂರು ಚಾರಿಜಾರ್ಡನ್ನು ಆ ಹುಡುಗನಿಗೆ ವಾಪಸ್ ಕೊಟ್ಟು, ಒಂದು ಕಾಲು ಕೆಜಿ ನಮ್ಮ ತೋಟದ ಕಾಫಿಪುಡಿ ಕಳಿಸುತ್ತೇನೆ ಅಂತ ವಿಳಾಸ ಬರೆಸಿಕೊಂಡೆ, ಆ ವಾರವೇ ಕಳಿಸಿದೆ.

ಕಾರ್ಡಿನ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಅಕ್ಷರ ಇರುತ್ತೆ ನೋಡಿ. ಹಳೇ ಅಕ್ಷರದ ಕಾರ್ಡುಗಳು ಕಾಲಕ್ಕೆ ತಕ್ಕಂತೆ ಸ್ಟ್ಯಾಂಡರ್ಡ್ ಆಟದಿಂದ, ಅಂದ್ರೆ ಇತ್ತೀಚಿನ ಕಾರ್ಡುಗಳಷ್ಟೇ ನಡೆಯುವ ಟೂರ್ನಿ ಪದ್ಧತಿಯಿಂದ, ಹೊರಗೆ ಹೋಗುತ್ತವೆ. 2025ರ ಏಪ್ರಿಲಿನಲ್ಲಿ ಎಫ್ ಅಕ್ಷರದವು ಹೋದವು, ನನ್ನ ರೋಟಮ್ ವಿ ಕೂಡ ಅದರಲ್ಲೇ. ಹಾಗಾಗಿ ಇಲ್ಲಿರುವ ಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ. ಆಡಲು ಹೊರಡುವ ಮೊದಲು ಅಕ್ಷರ ನೋಡಿ, ಡೈರಿ ಇಟ್ಟುಕೊಳ್ಳಿ, ಬೇಸಿಕ್ ಎಣಿಸಿ.

ಕುಶಾಲನಗರ, ವಿರಾಜಪೇಟೆ, ಸೋಮವಾರಪೇಟೆ ಕಡೆ ಯಾರಾದರೂ ಈ ಆಟ ಆಡುತ್ತಿದ್ದರೆ ತಿಳಿಸಿ. ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ನಾಲ್ಕು ಮೇಜು ಹಿಡಿಸುತ್ತೆ, ಜೆರಾಕ್ಸ್ ಡೆಕ್ಕುಗಳು ನನ್ನ ಹತ್ತಿರವೇ ಇವೆ. ಮಳೆಗಾಲದಲ್ಲಿ ಬರುವುದಾದರೆ ಡಬ್ಬಿಯ ಮುಚ್ಚಳ ಮಾತ್ರ ಗಟ್ಟಿಯಾಗಿರಲಿ.